ಹನ್ನೊಂದು ಸೆಕೆಂಡಿನ ಮುಖ

ಬರ್ಸ್ಲೆಮ್ಮಿನ ಈ ಓಣಿಯ ಆವಿಗೆ ಆರಿ ಮೂವತ್ತು ವರ್ಷ.
ತಟ್ಟೆಗಳ ಮೇಲೆ ಗುಲಾಬಿ ಬರೆಯುತ್ತಿದ್ದ ಹೆಂಗಸರ
ಉದ್ದನೆಯ ಮೇಜಿನ ಒಂದು ತುಂಡು ಈಗ ನನ್ನದು.
ಅಂಚಿನಲ್ಲಿ ಅವರು ಕುಂಚ ಒರೆಸಿದ ಗುರುತು ಇನ್ನೂ ಇದೆ:
ಕೆಂಪು, ಕೆಂಪು, ನಡುವೆ ಯಾರದೋ ಬೇಸರದ ಒಂದು ನೀಲಿ.
ಅಲ್ಲಿ ಕೂತು ನಾನು ಸಿನಿಮಾದವರ ತಲೆಗಳಿಗೆ ಬಣ್ಣ ಹಚ್ಚುತ್ತೇನೆ.
ಒಂದೊಂದು ತಲೆ ನಿಂಬೆಹಣ್ಣಿನ ಗಾತ್ರ.

ಶನಿವಾರ ಡೆಸ್ಮಂಡ್ ಟನಿಕ್ಲಿಫ್ ಬಂದರು,
ಎಂಬತ್ತೊಂದು ವಯಸ್ಸು, ಬಸ್ಸಿನಲ್ಲಿ, ಕಂಕುಳಲ್ಲಿ ಪೆಟ್ಟಿಗೆ.
ಎರಡು ಸಾವಿರದಲ್ಲಿ ಸಾವಿರದ ಮುನ್ನೂರ ನಲವತ್ತನೆಯದು,
ಸೀಲು ಒಡೆದಿರಲಿಲ್ಲ.
ನಾನು ಅಯ್ಯೋ ಅನ್ನುವುದರೊಳಗೆ
ಹೆಬ್ಬೆರಳ ಉಗುರಿನಿಂದ ಸರ್ರನೆ ಸೀಳಿ
ಅದರ ಅರ್ಧ ಬೆಲೆಯನ್ನು ನೆಲಕ್ಕೆ ಚೆಲ್ಲಿದರು.
"ಹೆಸರು ನನ್ನದೇ ಹಾಕಿದ್ದಾರೆ. ನೋಡು, ಇದು ನಾನೇ?"

ಅಲ್ಲ.
ಅಚ್ಚು ತಪ್ಪಿರಲಿಲ್ಲ: ಆ ಮೂಗಿನ ಗೂನು, ಗಲ್ಲದ ಕುಳಿ,
ಯಾರೋ ನಿದ್ದೆಗೆಟ್ಟು ಕೆತ್ತಿದ್ದಾರೆ.
ಕೆಡಿಸಿದ್ದು ಬಣ್ಣ.
ಕೆನ್ನೆಗೆ ಪೆಪ್ಪರ್‌ಮಿಂಟಿನ ಗುಲಾಬಿ, ತುಟಿಗೆ ಅದರದೇ ಎರಡನೇ ಕೋಟು,
ಕೂದಲ ಅಂಚು ಟೋಪಿ ಇಟ್ಟ ಹಾಗೆ ಗೆರೆ ಕೊರೆದದ್ದು,
ಕಾಲರಿನ ಮೇಲೆ ಕುತ್ತಿಗೆ ಸೋರಿದೆ,
ಬಲಗಣ್ಣು ನಮ್ಮನ್ನು ನೋಡಿದರೆ
ಎಡಗಣ್ಣು ಬಸ್ಸು ಬಂತೇ ಎಂದು ನೋಡುತ್ತಿದೆ.
ಬೈಯಲಾರೆ. ಗಂಟೆಗೆ ಎಪ್ಪತ್ತು ಜೊತೆ ಕಣ್ಣು ಬರೆಯುವವಳ
ಸ್ವಂತ ಕಣ್ಣು ಗಡಿಯಾರದ ಮೇಲಿರುತ್ತದೆ.

ಒಬ್ಬರ ಹಾಗೆ ಏಳು ಜನ ಇರುತ್ತಾರೆ ಅನ್ನುತ್ತಾರೆ.
ಇಲ್ಲಿ ಎರಡು ಸಾವಿರ ಜನ,
ಒಬ್ಬನೂ ಅವರ ಹಾಗಿಲ್ಲ.
ಅಪ್ಪನ ಪಡಿಯಚ್ಚು ಎಂದು ಮಗುವಿನ ಗಲ್ಲ ಹಿಂಡುವವರು
ಒಮ್ಮೆಯಾದರೂ ನನ್ನ ಮೇಜಿಗೆ ಬರಬೇಕು:
ಒಂದೇ ಎರಕದಿಂದ ಎದ್ದ ತಲೆಗಳು,
ಊಟಕ್ಕೆ ಮುಂಚೆ ಬಣ್ಣ ಕಂಡವು ಹಸಿದ ಹಾಗೆ,
ಆಮೇಲಿನವು ತೂಕಡಿಸುವ ಹಾಗೆ.

ಅವರದು ಆಕಾಶನೌಕೆಯ ಬಾಗಿಲು ಕಾಯುವ ಪಾತ್ರ.
ಇಡೀ ಚಿತ್ರದಲ್ಲಿ ಶಿರಸ್ತ್ರಾಣ ತೆಗೆದದ್ದು ಒಮ್ಮೆ,
ಹನ್ನೊಂದು ಸೆಕೆಂಡು.
ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ.
ನಿಲ್ಲಿಸಿದಲ್ಲೆಲ್ಲ ಬೇರೆಯೇ ಒಬ್ಬ:
ಒಬ್ಬ ಇನ್ನೇನು ಸೀನಲಿದ್ದಾನೆ, ಒಬ್ಬ ಸಂಬಳ ನೆನೆಯುತ್ತಿದ್ದಾನೆ,
ಒಬ್ಬನಿಗೆ ಮಾತು ಮರೆತಿದೆ.
ಒಂಬತ್ತನೆಯ ಸೆಕೆಂಡಿನವನನ್ನು ಆರಿಸಿಕೊಂಡೆ.

ಹಳೆಯದನ್ನು ಸ್ಪಿರಿಟ್ಟಿನಲ್ಲಿ ಉಜ್ಜಿ ತೆಗೆದೆ.
ಒಂದು ರಾತ್ರಿ ಆತ ಮುಖವಿಲ್ಲದೆ ಟೀ ಕಪ್ಪಿನ ಪಕ್ಕದಲ್ಲಿದ್ದ.

ಚರ್ಮಕ್ಕೆ ಚರ್ಮದ ಬಣ್ಣ ಎಂಬುದಿಲ್ಲ.
ಮೊದಲು ಹಸಿರು, ನೀರು ನೀರಾಗಿ, ಕಣ್ಣಿನ ಕೆಳಗೆ.
ಆಮೇಲೆ ಇಟ್ಟಿಗೆಪುಡಿ, ಕಿವಿಯ ತುದಿಗೆ, ಮೂಗಿನ ಹೊಳ್ಳೆಗೆ.
ಗಡ್ಡ ಬೋಳಿಸಿ ಆರು ಗಂಟೆಯಾದ ದವಡೆಗೆ
ನೀಲಿಯ ಸುಳಿವು, ನೀಲಿ ಅಲ್ಲ.
ನಾಲ್ಕು ದಿನ, ಹದಿನಾರು ಪದರ,
ಉಸಿರು ಬಿಡುವುದಕ್ಕೂ ಬಿಡುವು ನೋಡಿಕೊಂಡು.
ಕೊನೆಗೆ ಕಣ್ಣು.
ಮೂರು ಕೂದಲಿನ ಕುಂಚದಲ್ಲಿ ಬಿಳಿಯ ಚುಕ್ಕೆ,
ಸಾಸಿವೆಯನ್ನು ನಾಚಿಸುವಷ್ಟು ಸಣ್ಣದು.
ಇಟ್ಟ ಕೂಡಲೇ ಕೈ ಹಿಂದಕ್ಕೆ ತೆಗೆದೆ;
ಎದುರಿಗೆ ಒಬ್ಬರಿರುವಾಗ
ಅವರ ಗಲ್ಲ ಹಿಡಿದುಕೊಂಡಿರುವುದು ಮರ್ಯಾದೆಯಲ್ಲ.

ಡೆಸ್ಮಂಡ್ ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು,
ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು.
ಹೊಗಳಿಕೆಗೆ ನಾನು ಕಿವಿ ಸಿದ್ಧ ಮಾಡಿಕೊಂಡಿದ್ದೆ.
"ಇವನು ಲೆನ್," ಅಂದರು.
"ನನ್ನ ಅಣ್ಣ. ಮೂವತ್ತಕ್ಕೇ ಹೋದ.
ನೀವಿಬ್ಬರೂ ಒಂದೇ ಥರ ಅಂದರೆ
ಇಬ್ಬರಿಗೂ ಕೋಪ ಬರುತ್ತಿತ್ತು."

ತಿದ್ದಲೇ ಎಂದೆ, ಏನನ್ನು ತಿದ್ದುವುದೋ ನನಗೇ ತಿಳಿಯದೆ.
ಬೇಡ ಎಂದರು. ಹೇಳಿದ್ದಕ್ಕಿಂತ ಐದು ಪೌಂಡು ಹೆಚ್ಚು ಇಟ್ಟರು.
ಪೆಟ್ಟಿಗೆಗೆ ಹಾಕಲಿಲ್ಲ; ಕೋಟಿನೊಳಗೆ,
ಎರಡು ಗುಂಡಿಗಳ ನಡುವೆ ತಲೆ ಹೊರಗಿರುವಂತೆ
ನಿಲ್ಲಿಸಿಕೊಂಡು ಹೋದರು.

ಪ್ಲಾಸ್ಟಿಕ್ ತಟ್ಟೆ ಇಲ್ಲೇ ಉಳಿಯಿತು.
ಅದರ ಗುಳಿಗಳಲ್ಲಿ ಬದಲಿ ಕೈಗಳು, ನಾಲ್ಕು ಜೊತೆ:
ಮುಷ್ಟಿ, ತೋರುಬೆರಳು, ಆಯುಧ ಹಿಡಿಯುವುದು, ಬರಿದೆ ಚಾಚಿದ್ದು.
ಫೋನು ಮಾಡಿದೆ.
"ನೀನೇ ಇಟ್ಟುಕೋ," ಅಂದರು,
"ಲೆನ್ ಯಾವಾಗಲೂ ಜೇಬಿನಲ್ಲೇ ಕೈ ಇಟ್ಟುಕೊಂಡಿರುತ್ತಿದ್ದ."