ನಾಲ್ಕನೇ ಕುರ್ಚಿಯಿಂದ ಟೀವಿ

ಮಂಗಳವಾರ, ಗುರುವಾರ, ಶನಿವಾರ. ಒಂದರಿಂದ ಐದು.
ಮತೊಸಿನ್ಯೊಸ್ ಬಂದರಿನ ಹಿಂದಿನ ಬೀದಿ, ಎರಡನೇ ಮಹಡಿ.
ನನ್ನ ರಕ್ತ ಹೊರಗೆ ಹೋಗಿ, ತೊಳೆಸಿಕೊಂಡು,
ವಾಪಸು ಬರುವಷ್ಟು ಹೊತ್ತು
ಗೋಡೆಯ ಮೇಲೊಂದು ಟೀವಿ.
ರಿಮೋಟು ನರ್ಸ್ ಗ್ರಾಸಿಂದಾಳ ಜೇಬಿನಲ್ಲಿ.
ಆಯ್ಕೆ ಅವಳದು,
ಬೈಯುವ ಹಕ್ಕು ನಮ್ಮದು.

ಆಸ್ಪತ್ರೆಯ ಧಾರಾವಾಹಿ, ಹನ್ನೆರಡನೇ ಕಂತು:
ಡಾಕ್ಟರುಗಳೆಲ್ಲ ಓಡುತ್ತಾರೆ. ಅಬ್ಬ, ಏನು ಓಟ!
ಒಂಬತ್ತು ವರ್ಷದಲ್ಲಿ ಇಲ್ಲಿ ಓಡಿದವಳು ಗ್ರಾಸಿಂದಾ ಒಬ್ಬಳೇ,
ಅದೂ ಒಮ್ಮೆ, ಕೆಳಗೆ ಅವಳ ಕಾರನ್ನು
ಪೊಲೀಸರು ಎಳೆದೊಯ್ಯುತ್ತಿದ್ದಾಗ.
ಕಥೆಯ ಹುಡುಗಿಗೆ ಡಯಾಲಿಸಿಸ್ ಅಂತೆ.
ಎರಡು ನಿಮಿಷ, ಹಿಂದೆ ಪಿಟೀಲು, ಮುಗಿಯಿತು.
ಎದ್ದವಳೇ ಲೋಟ ತುಂಬ ನೀರು
ಗಟಗಟ ಎತ್ತಿ ಕುಡಿದಳು.
ಆರು ಕುರ್ಚಿಗಳೂ ಸುಮ್ಮನಾದವು.
ಅವಳ ಕಣ್ಣೀರು ಯಾರಿಗೆ ಬೇಕಿತ್ತು?
ನಾವು ನೋಡಿದ್ದು ಲೋಟವನ್ನು.

ಅಡುಗೆ ಸ್ಪರ್ಧೆ, ಸೆಮಿಫೈನಲ್:
ಆಲೂಗಡ್ಡೆ, ಟೊಮ್ಯಾಟೊ, ಬಾಳೆಹಣ್ಣು
(ನಮಗೆ ನಿಷೇಧಿಸಿದ ಪಟ್ಟಿಯನ್ನೇ ಇಟ್ಟುಕೊಂಡು
ಆಟ ಕಟ್ಟಿದ್ದಾರೋ ಏನೋ).
ಗಡ್ಡದವನೊಬ್ಬ ಬೂತಾಯಿ ಮೀನು ಸೀಳಿದ,
ಬಾಲದಿಂದ ಶುರು ಮಾಡಿ! ಬಾಲದಿಂದ!
ಮೂವತ್ತೊಂದು ವರ್ಷ ಡಬ್ಬಿ ಕಾರ್ಖಾನೆಯಲ್ಲಿ ಮೀನಿನ ತಲೆ ತೆಗೆದ ಕೈ ಇದು,
ಸೂಜಿ ಚುಚ್ಚಿಸಿಕೊಂಡೇ ಮೇಲೆದ್ದಿತು.
ಯಂತ್ರ ಕೀಂ ಅಂತ ಕಿರುಚಿತು.
ತೀರ್ಪುಗಾರ ಕಣ್ಣು ಮುಚ್ಚಿ, 'ಇದರಲ್ಲಿ ನನ್ನ ಬಾಲ್ಯವಿದೆ' ಅಂದ.
ಇರಲಿ ಬಿಡಪ್ಪ.
ನನ್ನ ಬಾಲ್ಯ ಉಗುರಿನ ಸಂದಿಯಲ್ಲಿತ್ತು,
ಎಷ್ಟು ನಿಂಬೆ ಉಜ್ಜಿದರೂ ಹೋಗಲಿಲ್ಲ.

ರಾಜನ ಕಥೆ: ಕುದುರೆಯೊಂದೇ ಚೆನ್ನಾಗಿ ನಟಿಸಿತು.

ಸಂಜೆಯ ಸೀರಿಯಲ್ಲು, ಇನ್ನೂರ ನಾಲ್ಕನೇ ಕಂತು:
ಸತ್ತವನ ಅವಳಿ ತಮ್ಮ ಬಾಗಿಲು ತಟ್ಟಿದ.
ನಮ್ಮ ಕಿವಿಗೆ ಎಷ್ಟು ಹೂ ಮುಡಿಸುತ್ತೀರಿ, ಅಂತ ಕೂಗಿದೆ.
ಐದನೇ ಕುರ್ಚಿಯ ಒಲೆಗಾರಿಯೊ ಬಿಕ್ಕಿ ಬಿಕ್ಕಿ ಅತ್ತ.
ಜೀವಮಾನವಿಡೀ ದೊಡ್ಡ ಹಡಗುಗಳನ್ನು ದಡಕ್ಕೆಳೆದ ಆಸಾಮಿ!
'ಜುಲ್ಮೀರಾ, ನಿನಗೆ ಎದೆಯೇ ಇಲ್ಲ' ಅಂದ.
ಎದೆ ಇದೆ, ಇಲ್ಲದ್ದು ಬೇರೆ, ಅಂದೆ.
ಅವನು ನಕ್ಕ ರಭಸಕ್ಕೆ
ಅವನ ಯಂತ್ರವೂ ಕಿರುಚಿತು.

ಆಮೇಲೆ ಯಾವುದೋ ಹಿಮದ ದೇಶದ ಕೊಲೆಯ ಕಥೆ, ಎಂಟೇ ಕಂತು.
ಔಷಧಿ ಅಂಗಡಿಯವನೇ ಅಂತ ಅವನು,
ಪಿಯಾನೋ ರಿಪೇರಿಯವನು ಅಂತ ನಾನು.
ಪಂದ್ಯ: ಅರ್ಧ ಕಪ್ ಕಾಫಿ.
ನಮ್ಮ ಲೆಕ್ಕದಲ್ಲಿ ಅದು ಆಸ್ತಿ.

ಆರನೇ ಕಂತಿನ ದಿನ ಐದನೇ ಕುರ್ಚಿ ಖಾಲಿ.
ಖಾಲಿ ಕುರ್ಚಿಯ ಬಗ್ಗೆ ಇಲ್ಲಿ ಯಾರೂ ಕೇಳುವುದಿಲ್ಲ.
ಟೀವಿಯ ಸದ್ದು ಸ್ವಲ್ಪ ಜೋರು ಮಾಡಿಸುತ್ತೇವೆ, ಅಷ್ಟೆ.
ಗ್ರಾಸಿಂದಾ ತಾನಾಗಿಯೇ ಬಂದು ಹೇಳಿದಳು:
ರಾತ್ರಿ ಮೂರಕ್ಕೆ ಫೋನು ಬಂತಂತೆ,
ಕಿಡ್ನಿ ಸಿಕ್ಕಿತಂತೆ, ಪೋರ್ತೊಗೆ ಕರೆದೊಯ್ದರಂತೆ.

ಎಲ್ಲರೂ ಚಪ್ಪಾಳೆ ತಟ್ಟಿದರು, ಒಂದೊಂದು ಕೈಯಿಂದ, ತೊಡೆಯ ಮೇಲೆ.
ನಾನೂ ತಟ್ಟಿದೆ.
ಎಲ್ಲ ಕಂತಿಗೂ ನಿಜ ಹೇಳಿದವಳು ಇದಕ್ಕೂ ಹೇಳುತ್ತೇನೆ:
ಹೊಟ್ಟೆಕಿಚ್ಚು ಹೊಟ್ಟೆಯಲ್ಲಿರುವುದಿಲ್ಲ.
ಇನ್ನೂ ಹಿಂದೆ, ಬೆನ್ನಿನ ಎರಡೂ ಬದಿಗೆ,
ಮುಷ್ಟಿ ಗಾತ್ರದ ಜಾಗದಲ್ಲಿ ಇರುತ್ತದೆ.

ಎಂಟನೇ ಕಂತು: ಕೊಂದವಳು ಜೇನು ಸಾಕುವ ಮುದುಕಿ.
ಏಳು ಕಂತಿನಲ್ಲಿ ಒಂದು ಮಾತಾಡದವಳು!
ಇದು ಮೋಸ, ಶುದ್ಧ ಮೋಸ.
ಬೈಯಲು ಎಡಕ್ಕೆ ತಿರುಗಿದೆ.
ಹಾಸಿದ ಬಿಳಿ ಬಟ್ಟೆಯ ಮೇಲೆ ಒಂದು ಗೆರೆಯೂ ಇರಲಿಲ್ಲ.

ರಾತ್ರಿ ಅವನದೇ ಫೋನು. ಕುಶಲ ಗಿಶಲ ಏನಿಲ್ಲ.
'ಯಾರು? ಬೇಗ ಹೇಳು, ಯಾರು?'
ಔಷಧಿ ಅಂಗಡಿಯವನೇ, ಅಂದೆ.
'ಹೇಳಿರಲಿಲ್ಲವಾ ನಾನು!' ಅಂತ ಕೂಗಿದವನು
ಕೂಗಿದ್ದಕ್ಕೆ ಬಾಯಾರಿ
ತಡಿ ಅಂದು, ನೀರು ಕುಡಿಯತೊಡಗಿದ.
'ಬೇಕಾದಷ್ಟು ಕುಡಿ ಅಂತಾರೆ ಜುಲ್ಮೀರಾ, ಕುಡಿಯದಿದ್ದರೆ ಬೈತಾರೆ.'
ಫೋನು ಕಿವಿಗೊತ್ತಿಕೊಂಡು
ಒಂದು ಗುಟುಕೂ ಬಿಡದೆ
ಕೊನೆಯವರೆಗೆ ಕೇಳಿದೆ.

ಶನಿವಾರ ಹೊಸ ಧಾರಾವಾಹಿ ಶುರು.
ಐದನೇ ಕುರ್ಚಿಗೆ ಹೊಸಬ ಬಂದಿದ್ದಾನೆ, ಮೀಸೆ ಇನ್ನೂ ಕಪ್ಪು.
ಹೊಸ ನಾಯಕಿ ಬಹಳ ಸಹಜವಾಗಿ ಅಳುತ್ತಾಳೆ, ಅನ್ನುತ್ತಾನೆ.
ದೇವರೇ,
ಇವನಿಗೆ ಎಲ್ಲಿಂದ ಶುರು ಮಾಡಲಿ.