ಎದೆನೀರು

ಎಸ್ಕಿಶೆಹಿರ್, ಆಸ್ಪತ್ರೆಯ ನೆಲಮಾಳಿಗೆ, ಮಾರ್ಚ್ ತಿಂಗಳು.
ಮೇಲಿನಿಂದ ಒಂದು ಬಾಟಲಿ ಬಂತು,
ಮೈಯ ಬಿಸಿ ಇನ್ನೂ ಆರಿರಲಿಲ್ಲ:
ದೊಂದು, ಅರವತ್ತೆಂಟು, ಬಲ ಎದೆ, ಒಂದೂಮುಕ್ಕಾಲು ಲೀಟರು.

ನಾಲ್ಕನೆಯದೂ ಹೆಣ್ಣಾದಾಗ ಇಡುವ ಹೆಸರು ಅದು.
ತಿರುಗಿತು, ಎಂದು ಅರ್ಥ.
ಇನ್ನಾದರೂ ಗಂಡಿಗೆ ತಿರುಗಲಿ ಎಂದು.

ಪಿಪೆಟ್ಟು ಅದ್ದಿ ಎತ್ತಿದೆ.
ಹನಿ ಬೀಳಲಿಲ್ಲ. ಎಳೆ ಬಂತು,
ಹೊರಡುತ್ತೇನೆ ಹೊರಡುತ್ತೇನೆ ಎನ್ನುತ್ತ
ಬಾಗಿಲಲ್ಲೇ ಮಾತು ಬೆಳೆಸುವ ನೆಂಟನ ಹಾಗೆ
ಉದ್ದಕ್ಕೆ, ಸಣ್ಣಗೆ, ಕಡಿಯದೆ.
ಇಪ್ಪತ್ತು ವರ್ಷದ ಕೈಗೆ ಯಂತ್ರಕ್ಕಿಂತ ಮೊದಲೇ ಗೊತ್ತಾಗುತ್ತದೆ.
ಕೈ ಹೇಳಿದ್ದನ್ನು ವರದಿಯಲ್ಲಿ ಬರೆಯುವಂತಿಲ್ಲ.

ತಟ್ಟೆಯಲ್ಲಿ ತೊಂಬತ್ತಾರು ಗುಳಿ,
ಇರುವೆಗಳು ಆಡುವ ಚನ್ನೆಮಣೆಯಷ್ಟು.
ಸಿಇಎ ಏರಿದ್ದರೆ ಬೇರೆ ರೋಗ,
ಹೆಚ್ಚು ಜನಕ್ಕೆ ಬರುವಂಥದ್ದು, ಹೆಚ್ಚು ಮದ್ದಿರುವಂಥದ್ದು.
ಏರಲಿ ಎಂದು ಬೇಡಿಕೊಂಡೆ, ನೋಡಿ,
ಯಾರಾದರೂ ಬೇಡುವ ವರವೇ ಅದು!
ಏರಲಿಲ್ಲ.
ಮೆಸೊಥೆಲಿನ್ನಿನ ಗುಳಿ ಮಾತ್ರ
ಹಳದಿಯಾಯಿತು, ಇನ್ನೂ ಹಳದಿಯಾಯಿತು.

ಅಂಕಿ ತೀರ್ಪಲ್ಲ. ಬೆರಳು ತೋರಿಸುತ್ತದೆ, ಅಷ್ಟೆ.
ಇನ್ನು ತುಣುಕು ಕತ್ತರಿಸಬೇಕು, ಗಾಜಿನ ಮೇಲಿಟ್ಟು ನೋಡಬೇಕು.
‘ಬಲವಾದ ಅನುಮಾನ’ ಎಂದು ಬರೆದು ಸಹಿ ಹಾಕಿದೆ.

ಮಧ್ಯಾಹ್ನ ಅವಳೇ ಇಳಿದು ಬಂದಳು,
ಮೆಟ್ಟಿಲಿಗೊಮ್ಮೆ ನಿಂತು, ಬೆನ್ನಿನ ಪಟ್ಟಿ ಹಿಡಿದುಕೊಂಡು.
ನನ್ನ ನೀರು ಎಲ್ಲಿ, ತೋರಿಸು, ಅಂದಳು.
ತೋರಿಸಿದೆ.
ಬೆಳಕಿಗೆ ಹಿಡಿದು ನೋಡಿದಳು, ಸಂತೆಯಲ್ಲಿ ಎಣ್ಣೆ ನೋಡುವವರಂತೆ.
‘ಹಬ್ಬಕ್ಕೆ ಹದಿನೇಳು ಮನೆ ಸಾರಿಸುತ್ತಿದ್ದೆ, ಮಗಳೇ,
ಗುಡ್ಡದ ಬಿಳಿಮಣ್ಣಲ್ಲಿ. ನಾನು ಸಾರಿಸಿದ ಗೋಡೆಯ ಮುಂದೆ
ಇರುಳಲ್ಲೂ ದೀಪ ಬೇಕಿರಲಿಲ್ಲ.
ಕೂಸುಗಳ ತೊಡೆಸಂದಿಗೂ ಅದೇ ಪುಡಿ.
ಬಸುರಿಯಲ್ಲಿ ಗೋಡೆ ನೆಕ್ಕಿದ್ದೂ ಉಂಟು.’
ನಕ್ಕಳು. ನಗು ಅರ್ಧದಲ್ಲೇ ಕೆಮ್ಮಾಯಿತು.

ಈ ಸಲ ಅಂಗಡಿಯ ಬಣ್ಣ ತನ್ನಿ, ಅಂದೆ.
ಹೇಳಬೇಕಿದ್ದದ್ದು ಅದಲ್ಲ.
‘ಅದಕ್ಕೆ ವಾಸನೆಯೇ ಇಲ್ಲವಲ್ಲ,’ ಅಂದಳು.

ಅವಳು ಹೋದ ಮೇಲೆ
ಮೈನಸ್ ಎಂಬತ್ತರ ಪೆಟ್ಟಿಗೆ ತೆರೆದು ಜಾಗ ಹುಡುಕಿದೆ.
ಅವಳ ನಾದಿನಿ ಅಲ್ಲಿದ್ದಳು,
ಎದುರುಮನೆಯ ಹಾಲಿನವ,
ಊರಿಗೆ ವರ್ಗವಾಗಿ ಬಂದು ಅಲ್ಲೇ ಮದುವೆಯಾದ ಮೇಷ್ಟ್ರು.
ಒಂದೇ ಓಣಿಯವರು, ಒಂದೇ ಸಾಲಲ್ಲಿ.
ನಡುವೆ ಒಂದು ಗುಳಿ ಖಾಲಿ ಇತ್ತು.

ಮುಚ್ಚಳಗಳಿಗೆಲ್ಲ ಬೆಳ್ಳನೆಯ ಮಂಜು ಕೂತಿತ್ತು.
ಹೆಸರು ಓದಲು ತೋಳಿನಿಂದ ಒರೆಸಬೇಕಾಯಿತು.