ಪ್ರಣಾಲಿಗೆ, ಕ್ಯಾಮೆರಾ ಕೊಡುವ ಮುನ್ನ

ಮೊದಲು ಬ್ಯಾಗು ಬಿಚ್ಚಿ ಲೆನ್ಸನ್ನು ಗಾಳಿಗಿಡು.
ಸ್ಟುಡಿಯೋದ ಏಸಿಯಿಂದ ನೇರ ಕಡಲದಂಡೆಗೆ ಹೋದರೆ
ಗಾಜು ಬೆವರುತ್ತದೆ, ಹೊಸ ಮದುಮಗನ ಹಾಗೆ.
ಚೂಡಿದಾರದ ತುದಿಯಲ್ಲಿ ಒರೆಸಬೇಡ, ಉಪ್ಪು ಕೂತಿರುತ್ತದೆ, ಗೀರುತ್ತದೆ;
ಹಳೇ ಪಂಚೆಯ ತುಂಡು ಇಟ್ಟಿದ್ದೇನೆ, ಬ್ಯಾಗಿನ ಎಡ ಜೇಬಿನಲ್ಲಿ.

ಬಿಸಿಲಿರುವಾಗಲೇ ಹೋಗು, ಸೌಂಡ್ ಚೆಕ್ ಹೊತ್ತಿಗೆ.
ದೀಪ ಕಟ್ಟುವ ಹುಡುಗನ ಹೆಸರು ಕೇಳು,
ಒಂದು ಚಹ ಕುಡಿಸು.
ಕೆಂಪು ಯಾವಾಗ, ನೀಲಿ ಯಾವಾಗ, ಅವನಿಗೇ ಗೊತ್ತು.
ಕೆಂಪಿನಲ್ಲಿ ಮುಖ ತೆಗೆಯಬೇಡ ಮಾರಾಯ್ತಿ,
ಎಲ್ಲರೂ ಮಸಾಲೆ ಮೆತ್ತಿದ ಬಂಗಡೆಯಾಗುತ್ತಾರೆ.
ಕಾಯಿ. ಹಳದಿ ಬಂದೇ ಬರುತ್ತದೆ.

ಫ್ಲಾಶ್ ಇಲ್ಲೇ ಡ್ರಾಯರಿನಲ್ಲಿರಲಿ.
ಅದು ಮದುವೆಗೆ, ಪಾಸ್‌ಪೋರ್ಟಿಗೆ.
ಕಣ್ಣು ಮುಚ್ಚಿ ಹಾಡುವವರ ಮುಖಕ್ಕೆ
ಬೆಳಕು ಬಿಡುವುದು ಪೊಲೀಸರ ಕೆಲಸ.
ಐಎಸ್‌ಓ ಮೂರು ಸಾವಿರದ ಇನ್ನೂರಕ್ಕೆ ಏರಿಸು, ಹೆದರಬೇಡ,
ಚಿತ್ರದ ತುಂಬ ಮರಳು ಕಂಡರೆ ಕಾಣಲಿ,
ಕಾರವಾರದ ದಂಡೆಯಲ್ಲಿ ಇನ್ನೇನು ಕಂಡೀತು?
ಶಟರ್ ಮಾತ್ರ ಇನ್ನೂರೈವತ್ತರಿಂದ ಕೆಳಗಿಳಿಸಬೇಡ,
ಗಜು ತಾಂಡೇಲನ ಕೈಗಳೇ ಮಾಯವಾಗುತ್ತವೆ.
ಅವನನ್ನು ನಿಂತು ತೆಗೆದರೆ ಬರೀ ಹಿತ್ತಾಳೆ ತಟ್ಟೆ;
ಮಂಡಿಯೂರು, ಎರಡು ತಟ್ಟೆಗಳ ನಡುವೆ ಒಂದು ಗವಾಕ್ಷಿ ಇದೆ.

ಜೆನಿಟಾಳ ಎದುರಿಗೆ ನಿಲ್ಲಬೇಡ,
ಮೈಕು ಬಾಯಿ ನುಂಗುತ್ತದೆ. ಬಲಕ್ಕೆ ಸರಿ.
ಮೇಲಿನ ಸ್ವರ ಹಿಡಿದಾಗ ಒತ್ತಿದರೆ ತಡವಾಯಿತು.
ಅದಕ್ಕೂ ಮುಂಚೆ ಉಸಿರೆಳೆಯುತ್ತಾಳಲ್ಲ,
ಕತ್ತಿನ ಬುಡದ ಆ ಗುಳಿ ಒಳಗೆ ಹೋಗುತ್ತದಲ್ಲ,
ಆಗ.
ಅದು ಗೊತ್ತಾಗಬೇಕಾದರೆ ಹಾಡು ಬಾಯಿಪಾಠವಿರಬೇಕು.

ಕುರ್ಚಿಯವರಿಗೆ ಅಡ್ಡ ನಿಲ್ಲಬೇಡ.
ಮೂರು ಹಾಡು, ಆಮೇಲೆ ಬದಿಗೆ ಬಾ.
ಅವರು ಬಂದದ್ದು ನಿನ್ನ ಬೆನ್ನು ನೋಡಲಿಕ್ಕಲ್ಲ.

ಕಿವಿಗೆ ಹತ್ತಿ. ನಗಬೇಡ.
ಸ್ಪೀಕರಿನ ಬುಡದಲ್ಲಿ ಇಪ್ಪತ್ತೆರಡು ವರ್ಷ ಕೂತ ಎಡಗಿವಿ ನನ್ನದು;
ಆ ಕಡೆಯಿಂದ ಅಲೆ ಬಂದದ್ದು ಈಗ
ಕಾಲು ಒದ್ದೆಯಾದ ಮೇಲೇ ತಿಳಿಯುತ್ತದೆ.
ಹಾಗಾಗಿ ನಾನು ಗಜುವಿನ ಹೆಗಲು ನೋಡುತ್ತೇನೆ.
ಹೆಗಲು ಎದ್ದಿತೋ, ಪೆಟ್ಟು ಬೀಳಲಿದೆ.
ಕಿವಿ ಸರಿಯಿದ್ದಾಗ ಇದನ್ನು ಗಮನಿಸಿರಲೇ ಇಲ್ಲ.

ಬೇಸ್ ನುಡಿಸುವ ನಾಗ್ವೇಕರನನ್ನು ಮರೆಯಬೇಡ.
ಕೈಗಾದಲ್ಲಿ ಪಾಳಿ ಮುಗಿಸಿ ನೇರ ಬರುವವ,
ಯಾವತ್ತೂ ಕತ್ತಲ ಮೂಲೆಯಲ್ಲೇ.
ಹೋದ ಸಲದ ಆಲ್ಬಮಿನಲ್ಲಿ ಅವನದು ಮೊಣಕೈ ಒಂದೇ ಇತ್ತು.
ಅವನ ಹೆಂಡತಿ ಅಂಗಡಿಗೆ ಬಂದು
ಎರಡು ಸಲ ಪುಟ ತಿರುವಿ, ಏನೂ ಹೇಳದೆ,
ಫ್ರೇಮಿನ ರೇಟು ಕೇಳಿ ಹೋದಳು.

ಕರೆಂಟು ಹೋದರೆ
(ಸ್ಥಾವರದ ನೆರೆಯವರು ನಾವು, ಹೋಗಿಯೇ ಹೋಗುತ್ತದೆ)
ಕ್ಯಾಮೆರಾ ಇಳಿಸಬೇಡ.
ಗಿಟಾರು ಸತ್ತು ಡ್ರಮ್ಮೊಂದೇ ಉಳಿಯುತ್ತದೆ,
ಜನ ಒಬ್ಬೊಬ್ಬರಾಗಿ ಮೊಬೈಲು ಎತ್ತುತ್ತಾರೆ.
ಆಗ ಹಿಂದೆ ತಿರುಗು, ಅವರನ್ನು ತೆಗೆ:
ಶೇಂಗಾ ಪೊಟ್ಟಣ ಸುತ್ತುತ್ತಲೇ ತಾಳ ಹಾಕುವ ಮುದುಕಿ,
ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿ
ಅವನ ಕಾಲರಿಗೆ ಜೊಲ್ಲು ಸುರಿಸುವ ಮಗು.

ಹನ್ನೊಂದಕ್ಕೆ ಮುಗಿಯುತ್ತದೆ. ಊಟಕ್ಕೆ ನಿಲ್ಲದೆ ಬಾ.
ಆರುನೂರು ತೆಗೆದಿರುತ್ತೀ, ಐನೂರೆಂಬತ್ತು ಅಳಿಸು,
ಅಳಿಸುವಾಗ ನನ್ನನ್ನು ಕೇಳಬೇಡ.
ಮೂರು ಗಂಟೆಗೆ ಗಜು ಬೈತಖೋಲದಲ್ಲಿ ಬೋಟು ಹತ್ತುತ್ತಾನೆ.
ದೇವಗಡದ ದೀಪ ದಾಟಿ ಸ್ವಲ್ಪ ದೂರ ಹೋದರೆ
ನೆಟ್‌ವರ್ಕ್ ಇಲ್ಲ, ನಾಲ್ಕು ದಿನ.
ಅದಕ್ಕೂ ಮೊದಲು ಒಂದಾದರೂ ಅವನ ಫೋನಿಗೆ ಕಳಿಸು.
ಬಲೆ ಎಳೆಯುವ ಹುಡುಗರಿಗೆ ತೋರಿಸಬೇಕಂತೆ.
ಹೇಳಿದರೆ ಅವರು ನಂಬುವುದಿಲ್ಲವಂತೆ.